ಬುಧವಾರದ ಉಪವಾಸ

ಪುತ್ತಿಗೆ, ಮೂಡುಬಿದಿರೆ
22 ಸೆಪ್ಟೆಂಬರ್ 2002, ಆದಿತ್ಯವಾರ

ಪ್ರೀತಿಯ ಶಾಫಿಯವರಿಗೆ,

ಅಸ್ಸಲಾಮು ಅಲೈಕುಂ. ಬಾಯಲ್ಲಿ ಗಂಡನ ಹೆಸರು ಹೇಳಿದರೆ ನಿಮ್ಮ ಉಮ್ಮನ ಹುಬ್ಬು ಮೇಲೆ ಹೋಗುತ್ತದೆ. ಕಾಗದದಲ್ಲಿ ಬರೆಯುವಾಗ ನಾಲಿಗೆ ಅಲ್ಲಾಡುವುದಿಲ್ಲವಾದ್ದರಿಂದ ತಪ್ಪಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೇನೆ. ನಿಮ್ಮ ಆರೋಗ್ಯ ಹೇಗುಂಟು? ಮರಳುಗಾಡಿನ ದಮ್ಮಾಮಿನಲ್ಲಿ ಸೆಕೆ ಇಳಿಯಿತೇ? ರೂಮಿನಲ್ಲಿ ಈ ವಾರ ಅಡುಗೆಯ ಸರದಿ ಯಾರದು? ನಿಮ್ಮದಾದರೆ ಉಳಿದವರ ಆರೋಗ್ಯವನ್ನೂ ವಿಚಾರಿಸಿದೆನೆಂದು ಹೇಳಿ. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಮಗಳು ಜಸೀಲಾಳ ಮುಂದಿನ ಎರಡು ಹಲ್ಲು ಬಿದ್ದು, ‘ಸಲಾಂ’ ಹೇಳಿದರೆ ಬಸ್ಸಿನ ಕಂಡಕ್ಟರ್ ಸೀಟಿ ಊದಿದ ಹಾಗೆ ಕೇಳುತ್ತದೆ. ಹಲ್ಲಿನ ಮಾತು ಬಂತಲ್ಲ, ಇನ್ನು ಪತ್ರ ಪೂರ್ತಿ ಅದೇ. ಇದು ನಿಮ್ಮ ಉಮ್ಮನ ದಂತಕಥೆ.

ಕಳೆದ ತಿಂಗಳು ಕಳಿಸಿದ ಫೋಟೊ ನೋಡಿ ಉಮ್ಮ ಯಾಕೆ ಇಷ್ಟು ಸಪೂರ ಎಂದು ಫೋನಿನಲ್ಲಿ ಕೇಳಿದಿರಿ. ಉಪವಾಸ ಎಂದೆ. ಅದು ಅರ್ಧ ಸತ್ಯ. ಉಳಿದರ್ಧ ಉಮ್ಮನ ಕೆಳದವಡೆಯಲ್ಲಿತ್ತು. ಮಳೆ ಹಿಡಿದಾಗಿನಿಂದ ಒಂದು ಹಲ್ಲು ಹುಳುಕಾಗಿ, ಪತ್ತಿರಿ ರೊಟ್ಟಿ ಹೋಗಿ ಗಂಜಿ ಬಂತು, ಗಂಜಿ ಹೋಗಿ ತಿಳಿ ಬಂತು. ಲವಂಗ ಇಟ್ಟರು, ಉಪ್ಪುನೀರು ಮುಕ್ಕಳಿಸಿದರು. ಅಂಗಡಿಯ ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆಯೂ ಕೆಟ್ಟಿತು. ಕೊನೆಗೆ ಎಡಗೆನ್ನೆ ಬಾತು, ಜ್ವರ ಕಾಣಿಸಿತು. ಕೀವು ದವಡೆಗೆ ಇಳಿದರೆ ಮಂಗಳೂರಿನ ದೊಡ್ಡ ಆಸ್ಪತ್ರೆಯೇ ಗತಿ ಎಂದು ನಮ್ಮ ಮಾಮೂಲಿ ಡಾಕ್ಟರು ಹೆದರಿಸಿದರು. ಉಮ್ಮ ಅದಕ್ಕೂ ತಲೆಯಾಡಿಸಿದರೇ ಹೊರತು ಬಾಯಿ ತೆರೆಯಲಿಲ್ಲ.

ಪಕ್ಕದ ಮನೆಯ ವಿಮಲಕ್ಕನ ಮೊಮ್ಮಗಳು ಸಾಧನಾ ನೆನಪುಂಟಲ್ಲ? ಎರಡು ಜಡೆ ಹಾಕಿಕೊಂಡು ನಿಮ್ಮ ಸೈಕಲ್ಲಿನ ಗಾಳಿ ತೆಗೆಯುತ್ತಿದ್ದವಳು. ಈಗ ಹಲ್ಲಿನ ಡಾಕ್ಟರು. ಜೂನಿನಿಂದ ಸೋಮವಾರ, ಗುರುವಾರ ಸಂಜೆ ಮೂಡುಬಿದಿರೆ ಪೇಟೆಯಲ್ಲಿ ಕೂರುತ್ತಾಳೆ. ಅವಳ ಬೋರ್ಡು ಬಿದ್ದ ವಾರವೇ ಉಮ್ಮ ಸೋಮವಾರ, ಗುರುವಾರದ, ಕಡ್ಡಾಯವಲ್ಲದ ಸುನ್ನತ್ ಉಪವಾಸ ಹಿಡಿದರು. ಹಿಂದಿನ ಮನೆಯ ಅವ್ವಮ್ಮ ಸೊಸೆಯಂದಿರನ್ನು ಸಾಲಾಗಿ ನಿಲ್ಲಿಸಿ, ‘ಬೀಪಾತುಮ್ಮನನ್ನು ನೋಡಿ ಕಲಿಯಿರಿ’ ಎಂದು ಉಮ್ಮನನ್ನು ತೋರಿಸಿದರು. ಬಿ.ಎ. ಓದಿದ ನಾನು ಕೂಡ ಖರ್ಜೂರ ತೊಳೆದಿಟ್ಟು, ಭಕ್ತಿಯಿಂದ ಗಂಜಿ ಕಾಯಿಸಿದೆ.

ಇದರಲ್ಲಿ ನೊಂದವರು ವಿಮಲಕ್ಕ ಒಬ್ಬರೇ. ನಿಮಗೆ ಗೊತ್ತಲ್ಲ, ನೀವು ಹುಟ್ಟುವ ಮೊದಲಿನಿಂದಲೂ ಸಂಜೆ ನಮ್ಮ ಜಗಲಿಯಲ್ಲಿ ಇಬ್ಬರಿಗೂ ಒಟ್ಟಿಗೆ ಎಲೆಅಡಿಕೆ ಆಗಬೇಕು. ವಾರದಲ್ಲಿ ಎರಡು ದಿನ ಅದು ನಿಂತಿತು. ಉಮ್ಮನಿಗೆ ಸೂರ್ಯ ಮುಳುಗಿದ ಮೇಲೆ ಊಟ; ಜೈನರಾದ ವಿಮಲಕ್ಕನಿಗೆ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ‘ನೀನು ಬಾಯಿ ತೆರೆಯುವ ಹೊತ್ತಿಗೆ ನನ್ನದು ಮುಚ್ತದೆ ಮಾರಾಯ್ತಿ. ನಾವು ಇನ್ನು ಯಾವ ಜನ್ಮದಲ್ಲಿ ಒಟ್ಟಿಗೆ ಎಲೆ ಹಾಕುವುದು?’ ಎಂದು ಕುಟ್ಟಾಣಿಯನ್ನು ಜೋರಾಗಿ ಕುಟ್ಟುತ್ತಿದ್ದರು, ಅಡಿಕೆ ಇಲ್ಲದೆಯೇ.

ಕಳೆದ ವಾರ ಸಾಧನಾಳಿಗೆ ಗುರುವಾರ ಒಂದು ಮದುವೆ ಇತ್ತು. ಬದಲಿಗೆ ಬುಧವಾರ ಬರುತ್ತಾಳೆಂದು ವಿಮಲಕ್ಕ ಹಿಂದಿನ ದಿನ ಬೇಲಿಯಾಚೆಯಿಂದ ಸುಮ್ಮನೆ ಹೇಳಿ ಹೋದರು. ಬುಧವಾರ ಬೆಳಿಗ್ಗೆ ಚಹಾ ಕೊಟ್ಟರೆ ಉಮ್ಮ, ‘ಇವತ್ತು ಉಪವಾಸ’ ಎಂದರು. ಸಂಜೆ ಎಲೆಯ ತಟ್ಟೆ ಹಿಡಿದು ಬಂದ ವಿಮಲಕ್ಕ ಜಗಲಿಯಲ್ಲಿ ಕೂತು ಕೇಳಿದರು: ‘ಸೋಮವಾರದ್ದು ಗೊತ್ತುಂಟು, ಗುರುವಾರದ್ದು ಗೊತ್ತುಂಟು. ಈ ಬುಧವಾರದ್ದು ಯಾವ ಉಪವಾಸ?’

ಉಮ್ಮ ತಲೆವಸ್ತ್ರವನ್ನು ಎಡಗೆನ್ನೆಯ ಮೇಲೆ ಎಳೆದುಕೊಂಡರು. ಆಮೇಲೆ, ‘ಹನಿ ನೀರು ಮುಟ್ಟಲಿಲ್ಲ. ನನ್ನ ಉಪವಾಸದಲ್ಲಿ ಮೋಸ ಇಲ್ಲ’ ಎಂದರು.

‘ಉಪವಾಸದಲ್ಲಿ ಇಲ್ಲ, ಹಲ್ಲಿನಲ್ಲಿ ಉಂಟು,’ ಎಂದರು ವಿಮಲಕ್ಕ. ‘ಉಪವಾಸದಲ್ಲಿ ಬಾಯಿಗೆ ಮದ್ದು ಹಾಕಬಾರದು, ಅಷ್ಟೇ ಅಲ್ವಾ? ಮಸೀದಿಯಲ್ಲಿ ಬಾಂಗ್ ಆಗುವವರೆಗೆ ಹುಡುಗಿ ಕಾಯ್ತಾಳೆ. ನೀನು ಖರ್ಜೂರ ತಿಂದು ನಮಾಜು ಮಾಡು. ಒಟ್ಟಿಗೆ ಹೋಗುವ.’

ಲೋಕನಾಥನ ರಿಕ್ಷಾದಲ್ಲಿ ನಾವು ಮೂವರು ಹೊರಟೆವು. ದಾರಿಯಲ್ಲಿ ಉಮ್ಮ ನನ್ನ ಕಿವಿಯಲ್ಲಿ ನಿಜ ಹೇಳಿದರು. ಸೂಜಿಯ ಹೆದರಿಕೆ ಅಲ್ಲ, ಇಕ್ಕಳದ್ದೂ ಅಲ್ಲ. ನಮ್ಮ ಓಣಿಯ ಮಕ್ಕಳ ಅಲ್ಲಾಡುವ ಹಲ್ಲಿಗೆಲ್ಲ ನೂಲು ಕಟ್ಟಿ ಕಿತ್ತವರು ಅವರೇ ಅಲ್ಲವೇ? ‘ಏನೂ ಆಗುವುದಿಲ್ಲ ಮಗಾ, ಮೂರು ಎಣಿಸುತ್ತೇನೆ’ ಎಂದು ನಂಬಿಸಿ, ಎರಡಕ್ಕೇ ಎಳೆಯುವುದು ಅವರ ಕ್ರಮ. ನಿಮ್ಮದನ್ನೂ ಹಾಗೇ, ಸಾಧನಾಳದ್ದನ್ನೂ ಹಾಗೇ. ‘ಹಲ್ಲು ಕೀಳುವವರ ಮಾತು ನಂಬಬಾರದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಹುಡುಗಿ ಮರೆತಿರುತ್ತಾಳಾ?’

ಹುಡುಗಿ ಮರೆತಿರಲಿಲ್ಲ. ಉಮ್ಮ ಕುರ್ಚಿಯಲ್ಲಿ ಕೂತದ್ದೇ, ‘ಎರಡಕ್ಕಾ, ಮೂರಕ್ಕಾ?’ ಎಂದು ಕೇಳಿದಳು. ಉಮ್ಮ ಕುರ್ಚಿಯಿಂದ ಅರ್ಧ ಎದ್ದರು. ಸಾಧನಾ ನಗು ನಿಲ್ಲಿಸಿದಳು. ‘ಸೂಜಿ ಚುಚ್ಚುವಾಗ ನೋಯ್ತದೆ. ಆಮೇಲೆ ಎಳೆದದ್ದು ಮಾತ್ರ ಗೊತ್ತಾಗ್ತದೆ, ನೋವಿಲ್ಲ. ಕೈ ಎತ್ತಿದರೆ ನಿಲ್ಲಿಸ್ತೇನೆ. ಎಣಿಸುವುದು ನೀವೇ ಉಮ್ಮ. ನೀವು ಮೂರು ಹೇಳದೆ ನಾನು ಮುಟ್ಟುವುದಿಲ್ಲ.’ ಹೇಳಿದ ಹಾಗೆ ಸೂಜಿ ನೋಯಿತು. ಅದೇ ಒಳ್ಳೆಯದಾಯಿತೆಂದು ನನಗನ್ನಿಸುತ್ತದೆ, ಮಾತು ನಿಜವಾಯಿತಲ್ಲ.

ದವಡೆ ಮರಗಟ್ಟಿದ ಮೇಲೆ ಉಮ್ಮ ಮನೆಮಾತಿನಲ್ಲಿ ಎಣಿಸಲು ಶುರು ಮಾಡಿದರು. ‘ಒನ್ನ್’ ಎಂದರು. ತಡೆದು ತಡೆದು, ‘ರಂಡ್’ ಎಂದರು. ಅಲ್ಲಿಗೆ ನಿಂತರು. ಕಣ್ಣು ಸಾಧನಾಳ ಕೈಯ ಮೇಲೆ. ಅವಳು ಇಕ್ಕಳವನ್ನು ತಟ್ಟೆಯಲ್ಲಿಟ್ಟು, ಖಾಲಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಯಾರೂ ಅವಸರ ಮಾಡಲಿಲ್ಲ. ಲೋಕವನ್ನೆಲ್ಲ ಅವಸರ ಮಾಡುವ ವಿಮಲಕ್ಕನೂ ಉಮ್ಮನ ಕೈ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಎರಡಾಯಿತು, ಯಾರೂ ಎಳೆಯಲಿಲ್ಲ. ಉಮ್ಮ ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟು, ಕೋಳಿ ಕರೆಯುವ ದನಿಯಲ್ಲಿ ‘ಮೂನ್’ ಎಂದು, ತಾವಾಗಿಯೇ ಬಾಯಿ ತೆರೆದರು. ಹಲ್ಲು ಸುಲಭಕ್ಕೆ ಬರಲಿಲ್ಲ, ಒಮ್ಮೆ ಕಟಕ್ ಎಂದಿತು ಕೂಡ. ಆದರೆ ಅವರು ಕೈ ಎತ್ತಲಿಲ್ಲ.

ಬಾವು ಇಳಿದಿದೆ, ಜ್ವರ ಬಿಟ್ಟಿದೆ. ಇವತ್ತು ಬಲಗಡೆಯಲ್ಲಿ ಅಗಿದು ಪತ್ತಿರಿ ತಿಂದು, ಸಾರಿಗೆ ಉಪ್ಪು ಕಡಿಮೆ ಎಂದರು. ಉಮ್ಮ ಗುಣವಾದದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಕಿತ್ತ ಹಲ್ಲನ್ನು ಜಸೀಲಾ ಹಂಚಿನ ಮಾಡಿಗೆ ಎಸೆದು, ಅಜ್ಜಿಗೆ ಹೊಸತು ಬರಲೆಂದು ಸೀಟಿಯಲ್ಲೇ ದುಆ ಮಾಡಿದಳು. ಇನ್ನು ಎಲೆಅಡಿಕೆ ಬಿಡಬೇಕೆಂದು ಸಾಧನಾ ಹೇಳಿದಾಗ ಮಾತ್ರ ಇಬ್ಬರಿಗೂ ಒಟ್ಟಿಗೇ ಕಿವಿ ಮಂದವಾಯಿತು. ನಾಳೆ ಸೋಮವಾರ ಉಮ್ಮ ಉಪವಾಸ ಹಿಡಿಯುತ್ತಾರಂತೆ. ಈ ಸಲ ಡಾಕ್ಟರಿಗಾಗಿ ಅಲ್ಲ, ಅಲ್ಲಾಹನಿಗಾಗಿ. ಗುರುವಾರದ ಸಂಜೆಯನ್ನು ವಿಮಲಕ್ಕನಿಗೆ ಬಿಟ್ಟುಕೊಟ್ಟಿದ್ದಾರೆ.

ಉಮ್ಮನ ದುಆ, ವಿಮಲಕ್ಕನ ನೆನಪುಗಳು, ಜಸೀಲಾಳ ಸೀಟಿಸಹಿತ ಸಲಾಂ ನಿಮಗೆ ಮುಟ್ಟಲಿ. ಹೊತ್ತು ಹೊತ್ತಿಗೆ ಊಟ ಮಾಡಿ.

ನಿಮ್ಮ
ಫರ್ಹಾನ

ಮರೆತೆ: ಲೋಕನಾಥ ಪೇಟೆಗೆ ಹೊರಟು ಹಾರ್ನ್ ಹೊಡೆಯುತ್ತಿದ್ದಾನೆ, ಅವನ ಕೈಯಲ್ಲೇ ಇದನ್ನು ಪೋಸ್ಟ್ ಡಬ್ಬಿಗೆ ಹಾಕಿಸಬೇಕು. ಶುಕ್ರವಾರ ನೀವು ಫೋನ್ ಇಟ್ಟ ಮೇಲೆ ಉಮ್ಮ, ‘ಅವನು ಒಂದೇ ಕಡೆಯಿಂದ ಮಾತಾಡ್ತಾನೆ. ಅವನಿಗೂ ಹಲ್ಲುನೋವು ಉಂಟು’ ಎಂದರು. ಎರಡು ವರ್ಷದಿಂದ ‘ಓವರ್‌ಟೈಮ್, ಡಾಕ್ಟರ ಹತ್ತಿರ ಹೋಗಲು ಪುರುಸೊತ್ತಿಲ್ಲ’ ಎನ್ನುತ್ತೀರಲ್ಲ, ಆ ಓವರ್‌ಟೈಮ್ ಉಮ್ಮನ ಬುಧವಾರದ ಉಪವಾಸಕ್ಕೆ ಹುಟ್ಟಿದ ಮಗ ಎಂದು ನನಗೆ ಈಗ ತಿಳಿಯಿತು. ಡಿಸೆಂಬರಿನಲ್ಲಿ ಪೆರ್ನಾಲ್ ಹಬ್ಬಕ್ಕೆ ಬರುತ್ತೀರಲ್ಲ, ಹಬ್ಬ ಕಳೆದ ಸೋಮವಾರ ಸಂಜೆ ಸಾಧನಾಳ ಕುರ್ಚಿ ನಿಮ್ಮದು. ಹೇಳಿಯಾಗಿದೆ. ಕೈ ಹಿಡಿದುಕೊಳ್ಳಲು ಉಮ್ಮ ಬರುತ್ತಾರೆ. ನಿಮಗೆ ತಿಳಿಸಲು ಹೇಳಿದ್ದಾರೆ: ಈ ಸಲ ಮೂರು ನೀವೇ ಹೇಳಬೇಕಂತೆ, ಎಷ್ಟು ಹೊತ್ತಾದರೂ ಕಾಯುತ್ತಾರಂತೆ.