ಐವತ್ತೆರಡು ಕಿಲೋ

ಕೋಚ್ ಅಕ್ಕನಿಗೆ ನಮಸ್ಕಾರ.

ನಿನ್ನೆ ನಮ್ಮ ಬಡಾವಣೆಯ ಜಿಮ್ಮಿನಲ್ಲಿ ನಾನು ಐವತ್ತೆರಡು ಕಿಲೋ ಎತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡಿ.

ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿಬಿದ್ದಳು. ಮನೆಯಲ್ಲಿ ನಾನೊಬ್ಬಳೇ. ಕಂಕುಳಿಗೆ ಕೈಕೊಟ್ಟು ಎಷ್ಟು ಎಳೆದರೂ ಎತ್ತಲಾಗಲಿಲ್ಲ. "ನಿನ್ನ ಕೈಲಾಗಲ್ಲ ಕಣೇ, ಯಾರನ್ನಾದ್ರೂ ಕರಿ" ಅಂದಳು. ಪಕ್ಕದ ಮನೆಯವರನ್ನು ಕರೆತರುವಷ್ಟರಲ್ಲಿ ಅವಳ ಉಸಿರು ನಿಂತಿತ್ತು. ಅದರ ಹಿಂದಿನ ವಾರದ ಆಸ್ಪತ್ರೆ ಚೀಟಿಯಲ್ಲಿ ಅವಳ ತೂಕ ಐವತ್ತೆರಡು ಕಿಲೋ ಎಂದಿದೆ. "ನೀವು ಎತ್ತಿದ್ರೂ ಉಳೀತಿರಲಿಲ್ಲಮ್ಮ" ಎಂದರು ಡಾಕ್ಟರು. ಆ ಮಾತು ಕಿವಿಗೆ ಬಿತ್ತು, ಎದೆಗೆ ಇಳಿಯಲಿಲ್ಲ.

ನಿನ್ನೆ ಆ ಕಬ್ಬಿಣದ ಸರಳು ನನ್ನ ಮಂಡಿ ದಾಟಿ ಮೇಲೆ ಬಂದಾಗ, ಕುತ್ತಿಗೆಯ ಹತ್ತಿರ ಅಮ್ಮನ ಉಸಿರು ತಾಗಿತು. "ಎದ್ದೆ ಕಣೇ, ಇನ್ನು ಬಿಡು" ಎಂದಳು. ನನಗೆ ಬಿಡಲಾಗಲಿಲ್ಲ. ನೀವೇ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಿರಿ.

ಹೆಚ್ಚು ತೂಕ ಎತ್ತಿದವರ ಹೆಸರಿರುವ ಗೋಡೆಯ ಹಲಗೆಯ ಮೇಲೆ ನನ್ನ ಹೆಸರು ಬರೆಯಬೇಡಿ. ಸೋಮವಾರ ಬರುತ್ತೇನೆ. ಇನ್ನಷ್ಟು ತೂಕ ಸೇರಿಸುವುದು ಬೇಡ. ಎತ್ತಿದ್ದನ್ನು ಕೆಳಗಿಡುವುದು ಹೇಗೆಂದು ಹೇಳಿಕೊಡಿ.

ಇಂತಿ,
ಬೆಳಗಿನ ಬ್ಯಾಚಿನ ಟೈಲರಮ್ಮ