ಊದಿದ ತೋಳು

ಅಕ್ಕಾ,

ಇವತ್ತು ಭಾವ ನಮ್ಮ ಲಸಿಕೆ ಪರೀಕ್ಷೆಯ ಕೋಣೆಗೆ ನುಗ್ಗಿ ಕಬ್ಬಿಣದ ಸರಳಿನಿಂದ ಫ್ರಿಜ್ ಜಜ್ಜಿದರು. ಅಡ್ಡ ಹೋದ ನನ್ನ ದವಡೆಗೂ ಬಾರಿಸಿದರು. ಎರಡು ಹಲ್ಲು ಉದುರಿದವು. "ನಿನ್ನ ಸೂಜಿಯಿಂದಲೇ ಅವಳು ಆ ಜ್ವರ ಬಂದು ಸತ್ತಿದ್ದು," ಅಂತ ಅರಚಿದರು.

ಡಾಕ್ಟರು ನಿನ್ನ ಹೆಸರಿದ್ದ, ಮೊಹರು ಹಾಕಿದ ಲಕೋಟೆ ಒಡೆದು ಓದಿದರು. ನಿನಗೆ ಕೊಟ್ಟಿದ್ದು ಬರೀ ಉಪ್ಪುನೀರು. ಹೋಲಿಸಿ ನೋಡೋಕೆ ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಉಪ್ಪುನೀರು; ಯಾರಿಗೆ ಯಾವುದು ಅಂತ ಚುಚ್ಚುವ ನನಗೂ ಗೊತ್ತಿರಬಾರದು, ಅದೇ ನಿಯಮ.

ಭಾವ ಸರಳು ಬಿಸಾಕಿ, "ತಪ್ಪಾಯ್ತಮ್ಮ," ಅಂತ ನನ್ನ ಬಾಯಿ ಒರೆಸಿದರು.

ಅವತ್ತು ನಿನ್ನ ತೋಳು ಊದಿದ್ದು ನೋಡಿ, "ಇದು ಲಸಿಕೇನೇ ಕಣೇ ಅಕ್ಕ, ಆ ಜ್ವರ ಇನ್ನು ನಿನಗೆ ತಗಲಲ್ಲ, ಧೈರ್ಯವಾಗಿ ಅದರ ವಾರ್ಡಿನ ಡ್ಯೂಟಿ ಒಪ್ಪಿಕೋ," ಅಂದವಳು ನಾನು. ಅದನ್ನ ಹೇಳೋಕೆ ಬಾಯಿ ತೆರೆದೆ.

"ಮಾತಾಡಬೇಡ, ರಕ್ತ ಬರುತ್ತೆ," ಅಂದರು ಭಾವ.

ಅವರ ಕೈಯಿಂದ ಬಟ್ಟೆ ತಗೊಂಡು ಬಾಯಿಗೆ ಒತ್ತಿ ಹಿಡಿದೆ.