ಸಂಶಯದ ಪಟ್ಟಿಯಲ್ಲಿ ಒಂದು ಹೆಸರು

ನೆರಳೂರು, ತುಂಗಭದ್ರೆಯ ದಂಡೆ
ಇಸವಿ ಎರಡು ಸಾವಿರದ ಇನ್ನೂರ ನಲವತ್ತೊಂದು, ಫೆಬ್ರವರಿ ಮೂವತ್ತು

ಪ್ರೀತಿಯ ನೀಲಗಂಗಾ ಅಕ್ಕನವರಿಗೆ,

ತಾರೀಖು ನೋಡಿ ನಗಬೇಡಿ. ಒಂದು ತಿಂಗಳಿಗೆ ಹೆಚ್ಚು, ಒಂದಕ್ಕೆ ಕಡಿಮೆ ಎಂಬ ರಗಳೆ ಸಾಕಾಗಿ ನಮ್ಮ ಹಿರಿಯರು ಎಲ್ಲ ತಿಂಗಳಿಗೂ ಮೂವತ್ತು ದಿನ ಹಂಚಿಬಿಟ್ಟರು. ಮಿಕ್ಕ ಐದು ದಿನ ವರ್ಷದ ಕೊನೆಗೆ ಯಾವ ತಿಂಗಳಿಗೂ ಸೇರದೆ ರಜೆಯಾಗಿ ಬರುತ್ತವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೂ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ನೀವು ಬರೆದಿಟ್ಟದ್ದನ್ನು ಓದಿಯೇ ಕಲಿತದ್ದು. ಕಾಲ ನೋಡಿದರೆ ನೀವು ನನ್ನ ಮುತ್ತಜ್ಜಿಗೂ ಅಜ್ಜಿ. ವಯಸ್ಸು ನೋಡಿದರೆ, ಬಳಗದ ಕೆಲಸ ಹಿಡಿದಾಗ ನಿಮಗೆ ನಲವತ್ತೊಂದು, ನನಗೆ ಈಗ ಎಪ್ಪತ್ತು, ನೀವು ನನಗೆ ಮಗಳಾಗಬೇಕು. ಇದರಲ್ಲಿ ತಲೆ ಕೆಡಿಸಿಕೊಳ್ಳುವುದು ಬೇಡ ಎಂದು ಅಕ್ಕ ಎಂದೇ ಕರೆಯುತ್ತಿದ್ದೇನೆ.

ನನ್ನ ಹೆಸರು ಹೊಳೆವ್ವ. ರಾಣೆಬೆನ್ನೂರಿನಲ್ಲಿ ಜಂಪರ್ ಹೊಲಿಯುತ್ತ, ಹೊಲಿಗೆಯ ನಡುವೆ ಬಿಡುವು ಸಿಕ್ಕಾಗ ಫೋನು ಹಿಡಿದು, ನೀವು ಕಾದ ಸೂಜಿದಾರ ಬಳಗ ಇದೆಯಲ್ಲ, ಅದು ಇನ್ನೂ ಬದುಕಿದೆ. ಅದರ ಐವತ್ತೆಂಟನೆಯ ಬಾಗಿಲವ್ವ ನಾನು. ನಿಮ್ಮಲ್ಲಿ ಮಾಡರೇಟರ್ ಅನ್ನುತ್ತಿದ್ದಿರಿ. ಸಂಬಳವಿಲ್ಲದೆ, ಯಾರೂ ಹೇಳದೆ, ಬಳಗದ ಬಾಗಿಲಲ್ಲಿ ಕೂತು ಒಳಗೆ ಬರುವ ಮಾತನ್ನು ನೋಡುವವರನ್ನು ನಾವು ಹೆಂಗಸಾದರೆ ಬಾಗಿಲವ್ವ, ಗಂಡಸಾದರೆ ಬಾಗಿಲಪ್ಪ ಅನ್ನುತ್ತೇವೆ. ಕೆಲಸ ಬಿಡುವ ದಿನ ಹಿಂದಿನವರಲ್ಲಿ ಒಬ್ಬರಿಗೆ ಪತ್ರ ಬರೆದು ಕಣಜದಲ್ಲಿ, ಅಂದರೆ ಹಳೆಯ ಬರಹವನ್ನೆಲ್ಲ ಕೂಡಿಟ್ಟ ಜಾಗದಲ್ಲಿ, ಇಡುವುದು ನಮ್ಮ ಪದ್ಧತಿ. ತಲುಪುವುದಿಲ್ಲ ಎಂದು ಗೊತ್ತು. ಆದರೂ ಬರೆಯುತ್ತೇವೆ.

ಇವತ್ತು ನನಗೆ ಆ ದಿನ ಬಂದಿದೆ. ಸಂಜೆ ಸೂರು ಸುತ್ತುವ ಹೊತ್ತಿಗೆ ನಾನು ಒಂದು ಕಾಗದಕ್ಕೆ ಸಹಿ ಹಾಕಬೇಕಂತೆ. ಹಾಕಿದರೆ ಕೈಬಾಗಿಲು, ಅಂದರೆ ಯಂತ್ರ ತಡೆದ ಮಾತನ್ನು ಕೈಯಿಂದ ಬಿಡಿಸುವ ದಾರಿ, ಮುಚ್ಚುತ್ತದೆ, ಇನ್ನು ಮುಂದೆ ಬಾಗಿಲವ್ವ ಎಂಬವಳೇ ಇರುವುದಿಲ್ಲ. ಮಧ್ಯಾಹ್ನದಿಂದ ಆ ಕಾಗದ ನನ್ನ ಮುಂದೆ ಬಿದ್ದಿದೆ. ನನಗೆ ಸಿಟ್ಟು ಬಂದಿದೆ, ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿಲ್ಲ.

ಸೂರು ಎಂದೆನಲ್ಲ, ಹೇಳುತ್ತೇನೆ. ನಮ್ಮೂರಿನ ಮೇಲೆ ಬಟ್ಟೆ ಹೊದಿಸಿದೆ. ಬಿಸಿಲು ನಿಮ್ಮ ಕಾಲದ ಬಿಸಿಲಲ್ಲ. ಬೀದಿ, ಮನೆ, ಸಂತೆ ಎಲ್ಲದರ ಮೇಲೂ ದಪ್ಪ ಬಟ್ಟೆಯ ಸೂರು ಎಳೆದು, ಸಂಜೆ ತಂಪಾದ ಮೇಲೆ ಸುತ್ತಿ ಕಟ್ಟುತ್ತೇವೆ. ಗಾಳಿಗೆ ಅದು ಹರಿಯುತ್ತಲೇ ಇರುತ್ತದೆ. ಹಾಗಾಗಿ ಪ್ರತಿ ಬುಧವಾರ ಊರಿಗೆ ಊರೇ ಸೂಜಿ ಹಿಡಿದು ಕೂರುತ್ತದೆ. ಹೊಲಿಯಲು ಬಾರದ ಗಂಡಿಗೆ ನಮ್ಮಲ್ಲಿ ಹೆಣ್ಣು ಕೊಡುವುದಿಲ್ಲ, ಕೊಟ್ಟವರ ಮಾತು ಹತ್ತು ವರ್ಷ ಆಡಿಕೊಳ್ಳುತ್ತಾರೆ. ಇಂಥ ಹನ್ನೊಂದು ನೆರಳೂರುಗಳ ನಲವತ್ತು ಸಾವಿರ ಜನ ಈಗ ನಿಮ್ಮ ಬಳಗದಲ್ಲಿದ್ದಾರೆ. ಕೊರಳಿಗೆ ಒಂದು ಬಿಲ್ಲೆ ಕಟ್ಟಿಕೊಂಡು ಮಾತಾಡುತ್ತೇವೆ, ಮಾತು ಎಲ್ಲರಿಗೂ ಹೋಗುತ್ತದೆ. ಹೋಗುವ ಮುಂಚೆ ಸಾಣಿಗೆ ಅದನ್ನು ಸೋಸುತ್ತದೆ. ಸ್ಪ್ಯಾಮ್ ಹಿಡಿಯುವ ನಿಮ್ಮ ಯಂತ್ರದ ಮರಿಮಗಳು ಈ ಸಾಣಿಗೆ. ಸ್ಪ್ಯಾಮಿಗೆ ನಾವು ಹೊಟ್ಟು ಅನ್ನುತ್ತೇವೆ.

ಅಕ್ಕಾ, ಈ ಸಾಣಿಗೆ ತಪ್ಪೇ ಮಾಡುವುದಿಲ್ಲ. ಒಂದು ಕಾಳನ್ನೂ ಚೆಲ್ಲುವುದಿಲ್ಲ, ಒಂದು ಹೊಟ್ಟನ್ನೂ ಬಿಡುವುದಿಲ್ಲ. ನಿಮಗೆ ಲಾಟರಿ ಹೊಡೆದಿದೆ, ಹದಿನೈದು ದಿನದಲ್ಲಿ ಹತ್ತು ಕಿಲೋ ಇಳಿಸಿ, ಈ ಸಂದೇಶವನ್ನು ಇಪ್ಪತ್ತು ಜನಕ್ಕೆ ಕಳಿಸದಿದ್ದರೆ ಮನೆಗೆ ಕೇಡು: ಇಂಥದ್ದನ್ನೆಲ್ಲ ನೋಡಲು ನಮ್ಮ ಶಾಲೆಯ ಮಕ್ಕಳನ್ನು ಸಾಲಾಗಿ ಕಣಜಕ್ಕೆ ಕರೆದುಕೊಂಡು ಹೋಗುತ್ತಾರೆ. ಮಕ್ಕಳು ಬಿದ್ದು ಬಿದ್ದು ನಗುತ್ತವೆ. ನನಗೆ ಮಾತ್ರ ಅವನ್ನು ಓದುವಾಗ ನೀವೇ ಕಣ್ಣ ಮುಂದೆ ಬರುತ್ತೀರಿ, ಒಂದು ಕೈಯಲ್ಲಿ ಕತ್ತರಿ, ಒಂದು ಕೈಯಲ್ಲಿ ಫೋನು. ಹತ್ತೊಂಬತ್ತು ವರ್ಷ ನಾನು ಈ ಬಾಗಿಲಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಎಷ್ಟು ಸಲ ತೆರೆದೆ ಗೊತ್ತೇ? ಒಂದು ಸಲವೂ ಇಲ್ಲ. ತೆರೆಯುವ ಪ್ರಮೇಯವೇ ಬರಲಿಲ್ಲ. ಸುಮ್ಮನೆ ಕೂತವಳು ಏನು ಮಾಡಲಿ, ನಿಮ್ಮ ದಿನಚರಿ ಓದಿದೆ.

ನಿಮ್ಮ ಯಂತ್ರ ದಡ್ಡ. ತಡೆದದ್ದನ್ನೆಲ್ಲ ಒಂದು ಪೆಟ್ಟಿಗೆಗೆ ಹಾಕಿ ಕೂರುತ್ತಿತ್ತು. ನೀವು ಕೈಯಿಂದ ಬಿಡಿಸಬೇಕು, ಬಿಡಿಸಿದ್ದಕ್ಕೆ ಕಾರಣ ಬರೆಯಬೇಕು. ಹಾವೇರಿಯ ಹೆಣ್ಣುಮಗಳೊಬ್ಬಳು ಎದೆ ಸುತ್ತಳತೆ ಮೂವತ್ತಾರು, ಜಂಪರಿನ ಕಟೋರಿ ಹೇಗೆ ಕತ್ತರಿಸಲಿ ಎಂದು ಕೇಳಿದರೆ ಅಶ್ಲೀಲ ಎಂದು ತಡೆದಿತ್ತು. ನೀವು ಬಿಡಿಸಿ ಬರೆದ ಕಾರಣ: "ಅಳತಿ ತಗೊಳ್ದ ಜಂಪರ್ ಹೊಲ್ಯಾಕ ಬರ್ತೈತೇನ? ನೀನ ಹೇಳು." ಯಂತ್ರಕ್ಕೆ! ಜಾಹೀರಾತು ತೆಗೆದುಹಾಕಿದ್ದಕ್ಕೆ ಒಬ್ಬ, ನೀನೇನು ಬಳಗದ ಮಾಲಕಿಯೇ ಎಂದು ಬಾಯಿಗೆ ಬಂದಂತೆ ಬೈದ. ನೀವು, "ಮಾಲಕಿ ಅಲ್ಲರಿ, ಕಸಾ ಹೊಡಿಯಾಕಿ," ಎಂದು ಬರೆದು ಮತ್ತೆ ಹೊಲಿಗೆಗೆ ಕೂತಿರಿ. ಆ ಸಾಲನ್ನು ನಾನು ಅಡುಗೆಮನೆಯ ಗೋಡೆಯ ಮೇಲೆ ಬರೆದುಕೊಂಡಿದ್ದೇನೆ.

ಆಮೇಲೆ ದಾವಲಸಾಬರು. ಹಾನಗಲ್ಲಿನಲ್ಲಿ ನಲವತ್ತು ವರ್ಷ ಕೈಯಿಂದ ಗುಂಡಿಯ ಕಾಜ ಹೊಲಿದು ಕಣ್ಣು ಮಂಜಾದವರು. ಹೊಲಿಗೆಯ ವಿಷಯ ಏನನ್ನೂ ಬರೆಯುತ್ತಿರಲಿಲ್ಲ. ದಿನಾ ಮಧ್ಯಾಹ್ನ ಒಂದು ಗಂಟೆಗೆ ಹನ್ನೊಂದು ಸಾವಿರ ಜನಕ್ಕೆ ಒಂದೇ ಸಾಲು: "ಎಲ್ಲಾರದೂ ಊಟಾ ಆತೇನ್ರಿ? ನಂದಾತು." ಯಂತ್ರದ ತಪ್ಪೇನೂ ಇಲ್ಲ ಬಿಡಿ. ಒಂದೇ ಮಾತು, ಒಂದೇ ಹೊತ್ತು, ಎಲ್ಲರಿಗೂ. ಹೊಟ್ಟಿನ ಲಕ್ಷಣ ಇದೇ ತಾನೇ. ದಿನಾ ತಡೆಯುತ್ತಿತ್ತು, ದಿನಾ ನೀವು ಬಿಡಿಸುತ್ತಿದ್ದಿರಿ. ಕಾರಣ: "ನಮ್ಮವರು." ಕಾರಣ: "ಊಟಾ ಕೇಳೋದು ತಪ್ಪೇನ?" ಕಾರಣ: "ಇವತ್ತ ಹತ್ತ ಮಿನಿಟ್ ತಡಾ ಮಾಡ್ಯಾರ, ಬೈಬೇಕು." ಮೂರು ವರ್ಷ ಹೀಗೆ ನಡೆಯಿತು.

ಮೂರು ವರ್ಷಕ್ಕೆ ಆ ದಡ್ಡ ಯಂತ್ರವೂ ಕಲಿಯಿತು. ಇವರು ಒಳ್ಳೆಯವರು ಎಂದು ತಾನೇ ತೀರ್ಮಾನಿಸಿ, ಅವರ ಮಾತನ್ನು ತಡೆಯದೆ ಬಿಡತೊಡಗಿತು. ಪೆಟ್ಟಿಗೆ ಖಾಲಿ ಕಂಡ ದಿನ ನೀವು ಎಷ್ಟು ಹಿಗ್ಗಿದ್ದಿರಿ! "ಅಂತೂ ಬುದ್ಧಿ ಬಂತವ್ವಾ ಇದಕ್ಕ," ಎಂದು ಬರೆದಿದ್ದೀರಿ. ದೀಪಾವಳಿಯ ಹೊಲಿಗೆ ತಲೆಯ ಮೇಲೆ ಕೂತಿದ್ದ ಸಮಯ, ಒಂದು ಕೆಲಸ ಕಡಿಮೆಯಾದರೆ ಯಾರಿಗೆ ಬೇಡ. ಯಾರೋ ಕಾಜದ ದಾರದ ಬಗ್ಗೆ ಕೇಳಿದಾಗ, ದಾವಲಸಾಬರನ್ನು ಕೇಳಿ ಹೇಳುತ್ತೇನೆ ಎಂದು ಅವರ ಹೆಸರು ಹುಡುಕಿದಿರಿ. ಅವರ ಕೊನೆಯ ಮಾತು ಬಂದು ಹನ್ನೊಂದು ದಿನವಾಗಿತ್ತು. ಹನ್ನೊಂದು ಸಾವಿರ ಜನರಲ್ಲಿ ಒಬ್ಬರೂ ಗಮನಿಸಿರಲಿಲ್ಲ. ನೀವೂ ಗಮನಿಸಿರಲಿಲ್ಲ.

ಹಾನಗಲ್ಲಿನ ಬಳಗದವರೊಬ್ಬರು ನೀವು ಹೇಳಿದ ಕೂಡಲೇ ಓಡಿದರು. ದಾವಲಸಾಬರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು, ಫೋನು ಬಕೆಟ್ಟಿನ ನೀರು ಪಾಲಾಗಿತ್ತು. ಪಕ್ಕದವರು ಎತ್ತಿ ಮಂಚಕ್ಕೆ ಹಾಕಿ ಗಂಜಿ ಕುಡಿಸುತ್ತಿದ್ದರು. ಹೋದವರ ಫೋನಿನಿಂದಲೇ ಅವರು ನಿಮಗೆ ಹೇಳಿ ಕಳಿಸಿದ್ದು ಇಷ್ಟು: "ಹನ್ನೊಂದ ದಿನಾ ನಾ ಕೇಳಲಿಲ್ಲ. ಆದ್ರೂ ಎಲ್ಲಾರೂ ಉಂಡೀರಲ್ಲ, ಭಾಳ ಛಲೋ ಆತ ಬಿಡ್ರಿ." ತಮಾಷೆಗೇ ಹೇಳಿದ್ದಿರಬೇಕು. ನೀವು ಎರಡು ದಿನ ಹೊಲಿಗೆ ಮುಟ್ಟಲಿಲ್ಲ.

ಆಮೇಲೆ ನೀವು ಮಾಡಿದ ಕೆಲಸವನ್ನು ನಮ್ಮ ಕಾಲದ ಬುದ್ಧಿವಂತರಿಗೆ ಹೇಳಿದರೆ ನಗುತ್ತಾರೆ. ಯಂತ್ರ ನೋಡಿಕೊಳ್ಳುವವರಿಗೆ ನೀವು ಏಳು ಪತ್ರ ಬರೆದಿರಿ. ಈ ಮನುಷ್ಯರ ಹೆಸರನ್ನು ವಾಪಸು ಸಂಶಯದ ಪಟ್ಟಿಗೆ ಹಾಕಿ, ಇವರ ಮಾತನ್ನು ದಿನಾ ತಡೆಯಿರಿ, ನಾನು ದಿನಾ ಕೈಯಿಂದಲೇ ಬಿಡಿಸುತ್ತೇನೆ ಎಂದಿರಿ. ಹಾಗೆ ಮಾಡಿದರೆ ಯಂತ್ರದ ನಿಖರತೆ ಕಡಿಮೆಯಾಗುತ್ತದೆ ಎಂದು ಅವರು ಉತ್ತರಿಸಿದರು. ನೀವು ಬರೆದಿರಿ: "ಕಡಿಮಿ ಆದ್ರ ಆಗ್ಲಿ. ಕಡಿಮಿ ಬಿದ್ದದ್ದಕ್ಕ ನಾ ಅದೀನಿ." ಕೊನೆಗೆ ಅವರು ಸೋತರು. ಮುಂದೆ ನಾಲ್ಕು ವರ್ಷ ದಿನಾ ಒಂದು ಗಂಟೆಗೆ ಪೆಟ್ಟಿಗೆಯಲ್ಲಿ ಅವರು, ಬಾಗಿಲಲ್ಲಿ ನೀವು. ಒಂದು ಪುಟದಲ್ಲಿ ಮಾತ್ರ, "ಇವತ್ತ ಬಂದಿಲ್ಲ. ಒಂದೂವರಿ ಬಸ್ಸಿಗೆ ಹೊಂಟೀನಿ," ಎಂದಿದೆ. ಅದಾದ ಮೇಲೆ ಆರು ದಿನ ನಿಮ್ಮ ದಿನಚರಿ ಖಾಲಿ. ಕೊನೆಯ ಹೊತ್ತಿಗೆ ಅವರ ಹತ್ತಿರ ಒಬ್ಬರಿದ್ದರು ಎಂಬ ಒಂದೇ ಸಮಾಧಾನ ನನಗೆ.

ಇದೆಲ್ಲವನ್ನೂ ಇವತ್ತು ಯಾಕೆ ಹೇಳುತ್ತಿದ್ದೇನೆಂದರೆ, ಹೋದ ತಿಂಗಳು ನನಗೆ ಜ್ವರ ಬಂತು. ಎಂಟು ದಿನ ಕೊರಳಬಿಲ್ಲೆ ಮುಟ್ಟಲಿಲ್ಲ. ಎದ್ದು ನೋಡಿದರೆ ಸಾಣಿಗೆ ಎಂಟೂ ದಿನ ತಪ್ಪದೆ ವರದಿ ಕೊಟ್ಟಿತ್ತು: ಬಳಗ ಸ್ವಚ್ಛವಾಗಿದೆ. ನಲವತ್ತು ಸಾವಿರ ಜನ! ನಾನು ಯಾರನ್ನೂ ದೂರುವುದಿಲ್ಲ, ಕೆಟ್ಟವರು ಯಾರೂ ಇಲ್ಲ ನಮ್ಮಲ್ಲಿ. ಯಾರ ಮಾತನ್ನೂ ಯಾರೂ ಕಾಯಬೇಕಾಗಿಲ್ಲ, ಅಷ್ಟೇ. ಆದರೂ ಎಲ್ಲಿದ್ದೀ ಎಂದು ಒಬ್ಬರಾದರೂ ಕೇಳಬೇಕಿತ್ತು ಅನ್ನಿಸಿತು. ಮುದುಕಿಯ ಹಠ ಎನ್ನುವವರು ಎನ್ನಲಿ.

ಬಾಗಿಲು ಮುಚ್ಚಲು ಎರಡು ಬೇಕು. ಒಂದು ನನ್ನ ಸಹಿ. ಇನ್ನೊಂದು, ಸಂಶಯದ ಪಟ್ಟಿ ಖಾಲಿ ಇರಬೇಕು. ಅದರಲ್ಲಿ ಒಂದು ಹೆಸರಿದ್ದರೂ ಕೈಬಾಗಿಲು ಇರಲೇಬೇಕು, ತೆರೆಯುವವರು ಒಬ್ಬರಿರಬೇಕು. ನಾನು ಸಹಿ ಹಾಕದಿದ್ದರೆ ನನ್ನ ಕಾಲದ ಮಟ್ಟಿಗೆ ಉಳಿಯುತ್ತದೆ, ಖಾಲಿ ಬಾಗಿಲಲ್ಲಿ ಇನ್ನಷ್ಟು ವರ್ಷ ಸುಮ್ಮನೆ ಕೂರುತ್ತೇನೆ. ಹಾಕಿದರೆ ಇವತ್ತೇ ಮುಗಿಯಿತು. ಪಟ್ಟಿಯಂತೂ ಅರವತ್ತು ವರ್ಷದಿಂದ ಖಾಲಿ. ಇಲ್ಲಿಗೆ ನಿಲ್ಲಿಸುತ್ತೇನೆ, ಹೊರಗೆ ಕರೆಯುತ್ತಿದ್ದಾರೆ.

ಹೋಗಿ ಬಂದೆ. ಸಹಿ ಹಾಕಲಿಲ್ಲ. ಅದರ ಬದಲು ಸಂಶಯದ ಪಟ್ಟಿ ತೆರೆಸಿ, ಅದರಲ್ಲಿ ನನ್ನ ಹೆಸರು ಬರೆದೆ: ಹೊಳೆವ್ವ ನೆರಳೂರ. ಕಾಗದ ತಂದಿದ್ದ ಸಾಣಿಗೆಯವರು ಕಕ್ಕಾಬಿಕ್ಕಿಯಾದರು. ಹತ್ತೊಂಬತ್ತು ವರ್ಷ ಒಂದು ಕೆಟ್ಟ ಮಾತಾಡದವಳು ನೀವು ಎಂದರು. ಇನ್ನು ಮುಂದೆ ಆಡುತ್ತೇನೋ ಏನೋ, ತಡೆದು ನೋಡಿ ಎಂದೆ. ತನ್ನ ಮಾತಿಗೆ ತಾನೇ ಬಾಗಿಲು ತೆರೆಯುವಂತಿಲ್ಲ ಎಂಬ ನಿಯಮ ನಿಮ್ಮ ಕಾಲದಿಂದಲೂ ಇದೆ. ಹಾಗಾಗಿ ಅಲ್ಲೇ, ನಿಂತ ಕಾಲಲ್ಲೇ, ನನ್ನ ಕೆಲಸ ಹೋಯಿತು. ಐವತ್ತೊಂಬತ್ತನೆಯ ಬಾಗಿಲವ್ವನಾಗಿ ಬಸಲಿಂಗವ್ವನನ್ನು ಕೂರಿಸಿದೆವು. ಐವತ್ತರ ಹೆಂಗಸು, ಸೂರಿನ ಹರಕು ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ, ಬಾಯಿಯೂ ಅಷ್ಟೇ ಜೋರು. "ಅಯ್ಯ ನಿನ್ನ, ದಿನಾ ನಿನ್ನ ಬಾಗಲಾ ತಗಿಯೋದ ನನಗ ಉದ್ಯೋಗ ಆತೇನ ಇನ್ನ?" ಎಂದು ಮುಖ ಊದಿಸಿಕೊಂಡು ಹೋದಳು. ತೆರೆಯುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಬಿಲ್ಲೆ ಹಿಡಿದು ಬಳಗಕ್ಕೆ ಒಂದು ಮಾತು ಹೇಳಿದ್ದೇನೆ. ನಮ್ಮ ಬೀದಿಯ ಸೂರಿನ ಮೂಲೆ ಹರಿದಿದೆ, ಬುಧವಾರ ಯಾರಾದರೂ ಬನ್ನಿ ಎಂದು. ಅದು ತಡೆಯಲ್ಲಿ ಕೂತಿದೆ. ನನ್ನ ಬದುಕಿನಲ್ಲಿ ನನ್ನ ಮಾತು ತಡೆಯಲ್ಲಿ ಕೂತದ್ದು ಇದೇ ಮೊದಲು.

ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮ ಪಕ್ಕದ ಮಷೀನಿನ ಮುಂದೆ ಕೂತು ಇನ್ಯಾರಾದರೂ ಬಳಗ ಕಾಯುತ್ತಿದ್ದರೆ, ಯಂತ್ರ ಎಲ್ಲವನ್ನೂ ಕಲಿತುಬಿಟ್ಟಿತು ಎಂದು ಅವರು ಎದ್ದು ಹೋಗದಂತೆ ಹೇಳಿ. ಕೆಲಸ ಕಡಿಮೆಯಾಗಲಿ, ಬೇಡ ಎನ್ನುವುದಿಲ್ಲ. ದಿನಕ್ಕೊಬ್ಬರಾದರೂ ಅವರ ಕೈಗಾಗಿ ಕಾಯುವಂತಿರಲಿ.

ಮುಗಿಸಿ ಮಡಿಚಬೇಕು ಎನ್ನುವಷ್ಟರಲ್ಲಿ ಬಿಲ್ಲೆ ಮಿಡಿಯಿತು. ನನ್ನ ಮಾತು ಹೊರಗೆ ಹೋಗಿದೆ. ಕೆಳಗೆ ಬರೆದಿದೆ: ಕೈಯಿಂದ ತೆರೆದವರು, ಬಸಲಿಂಗವ್ವ. ಕಾರಣ: "ಈ ಮುದಿಕಿ ಮ್ಯಾಲ ನನಗ ಸಂಶಯ ಐತಿ. ನಾಳೆನೂ ನೋಡತೀನಿ."

ಓದಿ ಅತ್ತುಬಿಟ್ಟೆ. ಬರುತ್ತೇನೆ ಅಕ್ಕಾ.

ನಿಮ್ಮ ತಂಗಿ,
ಹೊಳೆವ್ವ